ಗ್ಯಾರೇಜಿನಲ್ಲಿ ಕಟ್ಟಿದ ಕುದುರೆ: ಹಳೇ ಅಮೆರಿಕನ್ ಕಾರಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ ನನ್ನ 1966ರ ಫೋರ್ಡ್ ಮಸ್ಟ್ಯಾಂಗ್ (ಅಂದರೆ ಕಾಡುಕುದುರೆ) ಕಾರಿನ ಪ್ರಸ್ತಾಪ ಬಂದಿತ್ತು. ಮಿಶಿಗನ್‌ನ ನಮ್ಮ ಮನೆ ಗ್ಯಾರೇಜಿನಲ್ಲಿ ಏಳು ವರ್ಷದಿಂದ ಅದನ್ನು ಚೂರುಚೂರೇ ರಿಪೇರಿ ಮಾಡುತ್ತಿದ್ದೇನೆ ಅಂತ ಬರೆದಿದ್ದೆ, ಅಷ್ಟೇ. ಮಾಮೂಲಿಯಾಗಿ ವೀಸಾ, ಇನ್ಶೂರೆನ್ಸ್ ಅಂತ ಕೇಳುವ ಓದುಗರು ಈ ಸಲ ಬರೀ ಕಾರಿನ ಬಗ್ಗೆಯೇ ಬರೆದಿದ್ದಾರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಹಗಲೆಲ್ಲಾ ಕಂಪ್ಯೂಟರ್ ಮುಂದೆ ಕೂರುವವನು. ನನಗೆ ಗೊತ್ತಿರುವುದರಲ್ಲಿ ಅರ್ಧ ಕೈ ಸುಟ್ಟುಕೊಂಡು ಕಲಿತದ್ದು.

ಮಸಲ್ ಕಾರ್ ಅಂದರೆ ಏನು ಸಾರ್? ದೊಡ್ಡ ಇಂಜಿನ್ ಇದ್ದರೆ ಸಾಕಾ? ಅಷ್ಟು ಚೆನ್ನಾಗಿದ್ದರೆ ಯಾಕೆ ನಿಂತುಹೋದವು?
— ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಮಧ್ಯಮ ಸೈಜಿನ, ಜನಸಾಮಾನ್ಯರ ಕೈಗೆಟುಕುವ ಕಾರಿಗೆ ದೊಡ್ಡ ಕಾರಿನ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್ ತಂದು ಕೂರಿಸಿದರೆ ಅದೇ ಮಸಲ್ ಕಾರ್. ಇದರ ಹುಟ್ಟಿನ ಕಥೆ ಮಜವಾಗಿದೆ. ಜನರಲ್ ಮೋಟರ್ಸ್ ಕಂಪನಿಯಲ್ಲಿ ಒಂದು ಒಳನಿಯಮ ಇತ್ತು, ಮಧ್ಯಮ ಸೈಜಿನ ಕಾರಿಗೆ 330 ಕ್ಯೂಬಿಕ್ ಇಂಚು, ಅಂದರೆ ಸುಮಾರು 5.4 ಲೀಟರ್‌ಗಿಂತ ದೊಡ್ಡ ಇಂಜಿನ್ ಹಾಕುವಂತಿಲ್ಲ ಅಂತ. ಅದೇ ಕಂಪನಿಯ ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಿದ್ದ ಇಂಜಿನಿಯರುಗಳು ಇದಕ್ಕೊಂದು ಒಳದಾರಿ ಹುಡುಕಿದರು. 1964ರ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಕ್ಯೂಬಿಕ್ ಇಂಚಿನ ಇಂಜಿನ್ ಹಾಕಿ, ಇದು ಹೊಸ ಕಾರಲ್ಲ, ಬೇಕಾದವರು ಹಾಕಿಸಿಕೊಳ್ಳುವ ಆಪ್ಷನ್ ಅಷ್ಟೇ ಅಂತ ಪಟ್ಟಿಯಲ್ಲಿ ಸೇರಿಸಿಬಿಟ್ಟರು. ಆಪ್ಷನ್‌ಗೆ ಆ ನಿಯಮ ಅನ್ವಯಿಸುವುದಿಲ್ಲವಲ್ಲ! ಅದೇ ಜಿಟಿಒ. ಮೊದಲ ವರ್ಷವೇ 32 ಸಾವಿರಕ್ಕೂ ಜಾಸ್ತಿ ಹೋಯಿತು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. 1970ರ ಷೆವೆಲ್ ಕಾರಿನ ಅತಿ ದೊಡ್ಡ ಇಂಜಿನ್ 454 ಕ್ಯೂಬಿಕ್ ಇಂಚು, 7.4 ಲೀಟರ್. ಒಂಬತ್ತು ಮಾರುತಿ 800 ಇಂಜಿನ್ ಕೂಡಿಸಿದರೂ ಅಷ್ಟಾಗುವುದಿಲ್ಲ, ಲೆಕ್ಕ ಹಾಕಿ ನೋಡಿ.

ನಿಂತುಹೋಗಲು ಒಂದೇ ಕಾರಣ ಅಂತಿಲ್ಲ. ಹದಿನೆಂಟು ಇಪ್ಪತ್ತರ ಹುಡುಗರು ಇಂಥ ಕಾರು ತಗೊಂಡು ಗುದ್ದಿಕೊಳ್ಳುತ್ತಿದ್ದರು, ಇನ್ಶೂರೆನ್ಸ್ ಕಂಪನಿಗಳು ಪ್ರೀಮಿಯಂ ಏರಿಸಿದವು. 1970ರಲ್ಲಿ ಗಾಳಿ ಮಾಲಿನ್ಯದ ಕಾನೂನು ಬಿಗಿಯಾಯಿತು, ಸೀಸವಿಲ್ಲದ ಪೆಟ್ರೋಲಿಗೆ ಸಿದ್ಧವಾಗಲೆಂದು ಇಂಜಿನಿನ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲನ್ನು ಒತ್ತುವ ಪ್ರಮಾಣ) ಇಳಿಸಿದರು, ಶಕ್ತಿಯೂ ಇಳಿಯಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲಂತೂ ಪೆಟ್ರೋಲ್ ಬಂಕಿನ ಮುಂದೆ ಮೈಲುದ್ದದ ಸಾಲು, ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಡುವ ಗಾಡಿಯನ್ನು ಯಾರು ಕೇಳುತ್ತಾರೆ?

ಅಂದ ಹಾಗೆ, ಕಟ್ಟಾ ಅಭಿಮಾನಿಗಳ ಮುಂದೆ ಮಸ್ಟ್ಯಾಂಗನ್ನು ಮಸಲ್ ಕಾರ್ ಅನ್ನಬೇಡಿ. ಅದು ಪೋನಿ ಕಾರ್, ಅಂದರೆ ಚಿಕ್ಕ ಕುದುರೆ, ಅಂತ ಒಂದು ಗಂಟೆ ಪಾಠ ಮಾಡುತ್ತಾರೆ.

ನನ್ನ ಹತ್ತಿರ 15 ಸಾವಿರ ಡಾಲರ್ ಇದೆ. ಕಾಲೇಜು ದಿನಗಳಿಂದಲೂ 1969ರ ಡಾಡ್ಜ್ ಚಾರ್ಜರ್ ಕನಸು. ತೀರಾ ಕೆಟ್ಟ ಸ್ಥಿತಿಯಲ್ಲಿರುವುದನ್ನು ಅಗ್ಗಕ್ಕೆ ತಗೊಂಡು ನಿಧಾನಕ್ಕೆ ಸರಿ ಮಾಡಿಕೊಂಡರೆ ಹೇಗೆ?
— ಕ್ಯಾಂಟನ್, ಮಿಶಿಗನ್

ಬೇಡ. ಇಷ್ಟು ನೇರವಾಗಿ ಹೇಳಿದ್ದಕ್ಕೆ ಬೇಜಾರಾಗಬೇಡಿ. ಅಗ್ಗದ ಚಾರ್ಜರ್ ಅಂದರೆ ನಿಮಗೆ ಸಿಗುವುದು ತುಕ್ಕು ಹಿಡಿದ ಬಾಡಿ, ನಾಲ್ಕು ಡಬ್ಬದ ತುಂಬಾ ಯಾವುದಕ್ಕೆ ಸೇರಿದ್ದೋ ಗೊತ್ತಿಲ್ಲದ ನಟ್ಟು ಬೋಲ್ಟು, ಜೊತೆಗೆ "ಇಂಜಿನ್ ಇದೆ, ಆದರೆ ನನ್ನ ಬಾವನ ಮನೆಯಲ್ಲಿದೆ" ಅನ್ನುವ ಮಾತು. ಅದನ್ನು ರಸ್ತೆಗಿಳಿಸುವ ಹೊತ್ತಿಗೆ ನಿಮ್ಮ ಮಗ ಕಾಲೇಜು ಮುಗಿಸಿರುತ್ತಾನೆ.

ನನ್ನ ಸಲಹೆ ಒಂದೇ. ತಂದ ದಿನವೇ ಸ್ಟಾರ್ಟ್ ಆಗಿ, ಮನೆ ಸುತ್ತ ಒಂದು ರೌಂಡ್ ಹೋಗಿ ಬರುವಂಥ ಕಾರು ತಗೊಳ್ಳಿ. ನೋಡಲು ಕುರೂಪವಾಗಿದ್ದರೂ ಚಿಂತೆಯಿಲ್ಲ. ಸೀಟು ಹರಿದಿರಲಿ, ಬಣ್ಣ ಸುಲಿದಿರಲಿ, ರೇಡಿಯೋ ಮೂಗನಾಗಿರಲಿ. ಓಡುವ ಕಾರನ್ನು ಓಡಿಸುತ್ತಲೇ ಒಂದೊಂದಾಗಿ ಸರಿ ಮಾಡುತ್ತಾ ಹೋಗಬಹುದು, ಮಧ್ಯೆ ಮಧ್ಯೆ ಐಸ್‌ಕ್ರೀಂ ತಿನ್ನಲು ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದು, ಆಗ ಮನೆಯವರಿಗೂ ಅದು ನಮ್ಮ ಕಾರು ಅನ್ನಿಸುತ್ತದೆ. ನಿಂತ ಕಾರು ಹಾಗಲ್ಲ. ಅದರ ಮೇಲೆ ಮೊದಲು ರಟ್ಟಿನ ಡಬ್ಬ ಬರುತ್ತದೆ, ಆಮೇಲೆ ಕ್ರಿಸ್ಮಸ್ ಲೈಟು, ಆಮೇಲೆ ಹಳೇ ಕಾರ್ಪೆಟ್ಟು.

15ರಲ್ಲಿ 10 ಅಥವಾ 11 ಸಾವಿರ ಮಾತ್ರ ಕಾರಿಗೆ ಇಡಿ. ಉಳಿದದ್ದು ಬ್ರೇಕು, ಟೈರು, ಉಪಕರಣಗಳಿಗೆ ಹೋಗುತ್ತದೆ, ಹೋಗಿಯೇ ಹೋಗುತ್ತದೆ. ಈ ದುಡ್ಡಿಗೆ ನಾನಾದರೆ ಆರು ಸಿಲಿಂಡರಿನ ಮಸ್ಟ್ಯಾಂಗ್ ಕೂಪ್, ಅಂದರೆ ಎರಡು ಬಾಗಿಲಿನ ಮಾದರಿ, ನೋಡುತ್ತಿದ್ದೆ. ನಗಬೇಡಿ! ವಿ8 ಅಲ್ಲ, ಶಬ್ದ ಕಮ್ಮಿ, ನಿಜ. ಆದರೆ 1964ರ ಏಪ್ರಿಲ್ 17ಕ್ಕೆ ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಬಿಡುಗಡೆಯಾದ ಈ ಕಾರು ಎರಡು ವರ್ಷದೊಳಗೆ ಹತ್ತು ಲಕ್ಷ ತಯಾರಾಯಿತು. ಹಾಗಾಗಿ ಇವತ್ತಿಗೂ ಬಾಗಿಲ ಹಿಡಿಯಿಂದ ಹಿಡಿದು ನೆಲದ ತಗಡಿನ ತನಕ ಹೊಸದಾಗಿ ಸಿಗುತ್ತದೆ, ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುವವರೂ ಇದ್ದಾರೆ. ಚಾರ್ಜರ್ ಕನಸು ಎಲ್ಲಿಗೂ ಹೋಗುವುದಿಲ್ಲ. ಸದ್ಯಕ್ಕೆ ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಗೆ ಬನ್ನಿ. 1995ರಿಂದ ಅಲ್ಲಿ ಡ್ರೀಮ್ ಕ್ರೂಸ್ ಅನ್ನುವ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ, ನಮ್ಮೂರ ಜಾತ್ರೆಯಲ್ಲಿ ತೇರಿನ ದಾರಿಯಲ್ಲಿ ಜನ ನಿಲ್ಲುವಂತೆ ರಸ್ತೆಯ ಎರಡೂ ಬದಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಚಾರ್ಜರ್ ಮಾಲೀಕರನ್ನು ಅಲ್ಲೇ ಮಾತಾಡಿಸಿ, ತುಕ್ಕಿನ ಕಥೆ ಅವರೇ ಹೇಳುತ್ತಾರೆ.

1966ರ ಮಸ್ಟ್ಯಾಂಗ್ ಒಂದು ನೋಡಿ ಬಂದೆ. ಫಳಫಳ ಹೊಳೆಯುವ ಕೆಂಪು ಬಣ್ಣ, ಹೊಸದಾಗಿ ಹೊಡೆಸಿದ್ದು. ವಿ8 ಅಂತಾರೆ. ಏನೇನು ನೋಡಬೇಕು?
— ಕೊಲಂಬಸ್, ಒಹಾಯೊ

ಹೊಸ ಬಣ್ಣ ಅಂದರೆ ನನಗೆ ಮೊದಲು ಬರುವುದು ಅನುಮಾನ. ಮಾರುವ ಮುಂಚೆ ಯಾರಾದರೂ ಯಾಕೆ ಬಣ್ಣ ಹೊಡೆಸುತ್ತಾರೆ? ಮುಚ್ಚಲಿಕ್ಕೆ ಏನೋ ಇದೆ ಅಂತ ತಾನೇ?

ಒಂದು ಚಿಕ್ಕ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಜೇಬಲ್ಲಿ ಇಟ್ಟುಕೊಂಡು ಹೋಗಿ. ಹಿಂದಿನ ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳ ಅಂಚು, ಮುಂದಿನ ಚಕ್ರದ ಹಿಂಭಾಗ, ಇಲ್ಲೆಲ್ಲಾ ತಾಗಿಸಿ. ಹಿಡಿಯದೆ ಜಾರಿದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಆಮೇಲೆ ನಾಚಿಕೆ ಬಿಟ್ಟು ನೆಲದ ಮೇಲೆ ಮಲಗಿ ಕೆಳಗೆ ಟಾರ್ಚ್ ಹಾಕಿ. ಈ ಕಾರಿಗೆ ಲಾರಿಗಿದ್ದ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಬೆನ್ನೆಲುಬು. ಹಾಗಾಗಿ ಕೆಳಗಿನ ಉದ್ದ ಪೆಟ್ಟಿಗೆಯಂಥ ಪಟ್ಟಿಗಳು ತಿಂದುಹೋಗಿದ್ದರೆ ಮೇಲಿನ ಬಣ್ಣ ಎಷ್ಟು ಚೆಂದ ಇದ್ದರೂ ನಮಸ್ಕಾರ ಹೇಳಿ ಬನ್ನಿ.

ಇನ್ನೊಂದು ಜಾಗ ಇದೆ, ಅದನ್ನು ನೋಡದೆ ದುಡ್ಡು ಕೊಟ್ಟವನು ನಾನೇ. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಹೋಗಲು ಸೀಳುಗಳಿರುತ್ತವೆ. ಮಳೆ ನೀರು, ಎಲೆ, ಕಸ ಎಲ್ಲಾ ಅದರೊಳಗೆ ಇಳಿದು ಅಲ್ಲೇ ಕೂತು ತಗಡನ್ನು ತಿನ್ನುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಮಾಲೀಕರನ್ನು ಕೇಳಿಕೊಂಡು ಆ ಸೀಳಿಗೆ ಒಂದು ಚೊಂಬು ನೀರು ನಿಧಾನಕ್ಕೆ ಸುರಿಯಿರಿ, ಒಳಗೆ ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ ಕೈ ಇಟ್ಟು ನೋಡಿ. ಒದ್ದೆಯಾದರೆ ಬೆಲೆಯಲ್ಲಿ ದೊಡ್ಡ ಮೊತ್ತ ಇಳಿಸಿ ಕೇಳಿ, ಯಾಕೆಂದರೆ ಅದನ್ನು ಸರಿ ಮಾಡಲು ಲೆಕ್ಕವಿಲ್ಲದಷ್ಟು ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಬೇಕು. ನೀರು ಸುರಿಯಲು ಬಿಡುವುದಿಲ್ಲ ಅಂದರೆ ಉತ್ತರ ಸಿಕ್ಕಂತೆಯೇ ಆಯಿತಲ್ಲ.

ವಿ8 ಹೌದೋ ಅಲ್ಲವೋ ಅನ್ನಲು ಬಾನೆಟ್ ತೆಗೆಯಲೇ ಬೇಕಿಲ್ಲ. ಒಂದು ಚಕ್ರದ ನಟ್ಟು ಎಣಿಸಿ. ಆ ವರ್ಷಗಳಲ್ಲಿ ಆರು ಸಿಲಿಂಡರಿನ ಕಾರಿಗೆ ನಾಲ್ಕು ನಟ್ಟು, ವಿ8ಗೆ ಐದು. ಬಾನೆಟ್ ಕೆಳಗೆ ವಿ8 ಇದ್ದು ಚಕ್ರಕ್ಕೆ ನಾಲ್ಕೇ ನಟ್ಟು ಇದ್ದರೆ ಯಾರೋ ಆಮೇಲೆ ಇಂಜಿನ್ ಬದಲಾಯಿಸಿದ್ದಾರೆ, ಬ್ರೇಕು, ಆಕ್ಸಲ್ ಮಾತ್ರ ಹಳೇ ಸಣ್ಣ ಇಂಜಿನಿಗೆ ಮಾಡಿದ್ದೇ ಉಳಿದಿದೆ. ಇದು ಅಪಾಯದ ಜೋಡಿ. ಇನ್ನೂ ಖಚಿತ ಬೇಕಿದ್ದರೆ ಡ್ರೈವರ್ ಕಡೆಯ ಫೆಂಡರಿನ (ಮುಂದಿನ ಚಕ್ರದ ಮೇಲಿನ ತಗಡಿನ) ಒಳಮೈಯಲ್ಲಿ ಒತ್ತಿರುವ ನಂಬರ್ ಓದಿ. ಉದಾಹರಣೆಗೆ 6F07C ಅಂತ ಶುರುವಾದರೆ: 6 ಅಂದರೆ 1966, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, 07 ಅಂದರೆ ಕೂಪ್, ಸಿ ಅಂದರೆ 289 ಕ್ಯೂಬಿಕ್ ಇಂಚಿನ ವಿ8. ಸಿ ಜಾಗದಲ್ಲಿ ಟಿ ಇದ್ದರೆ ಅದು ಆರು ಸಿಲಿಂಡರಿನದು. ಕಾರಿನ ಮಾಲೀಕತ್ವದ ಟೈಟಲ್ ಪತ್ರದಲ್ಲಿ ಇದೇ ನಂಬರ್ ಇರಬೇಕು. ಒಂದು ಅಕ್ಷರ ಬೇರೆ ಇದ್ದರೂ ವ್ಯವಹಾರ ಬೇಡ.

ನಿಮ್ಮ ಒಹಾಯೊ, ನಮ್ಮ ಮಿಶಿಗನ್ ಎರಡೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳು. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಆಳದಲ್ಲಿ ದೊಡ್ಡ ಉಪ್ಪಿನ ಗಣಿಯೇ ಇದೆ. ಕಾರು ಕಟ್ಟಿದ ಊರೇ ಕಾರನ್ನು ತಿನ್ನುವ ಉಪ್ಪನ್ನೂ ಅಗೆದು ಕೊಡುತ್ತದೆ! ಅರಿಜೋನಾ, ಕ್ಯಾಲಿಫೋರ್ನಿಯಾದಲ್ಲಿ ಬಾಳಿದ ಕಾರು ಸಿಕ್ಕರೆ ಲಾರಿ ಬಾಡಿಗೆ ಕೊಟ್ಟಾದರೂ ತರಿಸಿಕೊಳ್ಳಿ, ಒಟ್ಟು ಲೆಕ್ಕದಲ್ಲಿ ಅದೇ ಅಗ್ಗ.

ಅಣ್ಣಾ, ಇದು ಪ್ರಶ್ನೆ ಅಲ್ಲ, ದೂರು. ನಮ್ಮ ಮನೆಯವರು ಎರಡು ವರ್ಷದ ಹಿಂದೆ ಒಂದು ಹಳೇ ಕ್ಯಾಮರೊ ತಂದು ಪೂರ್ತಿ ಬಿಚ್ಚಿ ಹಾಕಿದ್ದಾರೆ. ನಾನು ದಿನಾ ಓಡಿಸುವ ಕಾರು ಹಿಮದಲ್ಲಿ ಹೊರಗೆ ನಿಂತಿರುತ್ತೆ. ಕೇಳಿದರೆ "ಇನ್ನೊಂದು ಪಾರ್ಟ್ ಬರಬೇಕು" ಅಂತಾರೆ.
— ನೊವೈ, ಮಿಶಿಗನ್

ತಾಯಿ, ನಿಮ್ಮ ಪತ್ರವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. "ಇದನ್ನು ನಾನೇ ಬರೆದಿದ್ದಲ್ವಾ" ಅಂದಳು.

ನಾನೂ ಇದೇ ತಪ್ಪು ಮಾಡಿದ್ದೆ. ತಂದ ಮೊದಲ ತಿಂಗಳಲ್ಲೇ ಹುಮ್ಮಸ್ಸಿಗೆ ಬಿದ್ದು ಬಂಪರ್, ಫೆಂಡರ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲಾ ಬಿಚ್ಚಿದೆ. ಬಿಚ್ಚುವುದು ಬಹಳ ಖುಷಿ ಕೊಡುವ ಕೆಲಸ, ಸಂಜೆಗೆ ಸಂಜೆಗೆ ಗುಡ್ಡೆ ಬೆಳೆಯುತ್ತದೆ, ಏನೋ ಸಾಧಿಸಿದ ಹಾಗೆ ಅನ್ನಿಸುತ್ತದೆ. ಬೋಲ್ಟುಗಳನ್ನು ಕಾಫಿ ಡಬ್ಬಗಳಿಗೆ ತುಂಬಿದೆ, ಚೀಟಿ ಅಂಟಿಸಲಿಲ್ಲ, ನೆನಪಿರುತ್ತೆ ಅನ್ನುವ ಧೈರ್ಯ. ಮೂರು ಚಳಿಗಾಲ ಕಾರು ಹಾಗೇ ಕೂತಿತು. ನಾಲ್ಕನೇ ಬೇಸಿಗೆಯಲ್ಲಿ ಮಾರಲು ಹೊರಟಿದ್ದೆ ಕೂಡ. ಬಂದವನು ಕೇಳಿದ ಬೆಲೆ ಎಷ್ಟು ಅವಮಾನ ಆಯಿತೆಂದರೆ ಅವತ್ತು ರಾತ್ರಿಯೇ ಕೂತು ಡಬ್ಬಗಳನ್ನು ನೆಲಕ್ಕೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಬೋಲ್ಟು ಆರಿಸಲು ಶುರು ಮಾಡಿದೆ.

ನಿಮ್ಮ ಯಜಮಾನರಿಗೆ ಇಷ್ಟು ಹೇಳಿ. ಹೊಸದಾಗಿ ಇನ್ನು ಒಂದೂ ಬೋಲ್ಟು ಬಿಚ್ಚುವಂತಿಲ್ಲ. ಈಗ ಬಿಚ್ಚಿರುವುದರಲ್ಲಿ ಕಾರು ಉರುಳಲು ಏನು ಬೇಕೋ ಅದನ್ನು, ಅಂದರೆ ಚಕ್ರ, ಸ್ಟೀರಿಂಗ್, ಬ್ರೇಕ್, ಮೊದಲು ಜೋಡಿಸಲಿ. ಉರುಳುವ ಕಾರನ್ನು ಗೋಡೆ ಬದಿಗೆ ಸರಿಸಿದರೆ ನಿಮ್ಮ ಕಾರಿಗೆ ಜಾಗ ಆಗುತ್ತದೆ. ಅದಾದ ಮೇಲೆ ಒಂದು ಸಲಕ್ಕೆ ಒಂದೇ ಕೆಲಸ, ಅದು ಮುಗಿದು ಕಾರಿಗೆ ಕೂರುವ ತನಕ ಮುಂದಿನ ಪಾರ್ಟಿಗೆ ಆರ್ಡರ್ ಹಾಕುವಂತಿಲ್ಲ. ದುಡ್ಡಿನ ಕೀಲಿ ನಿಮ್ಮ ಕೈಯಲ್ಲಿದ್ದರೆ ಇದು ಸುಲಭ. ನಮ್ಮ ಮನೆಯಲ್ಲಿ ಹಾಗೇ ಆಗಿದೆ.

1965ರ ಮಸ್ಟ್ಯಾಂಗ್, ವಿ8, ಮನೆಗೆ ತಂದಾಯಿತು! ಎಂಟು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಕಾರು. ಸ್ಟಾರ್ಟ್ ಆಗುತ್ತೆ, ಸ್ವಲ್ಪ ಹೊಗೆ. ಎಲ್ಲಿಂದ ಶುರು ಮಾಡಲಿ? ದೊಡ್ಡ ಕಾರ್ಬುರೇಟರ್ ಹಾಕಬೇಕು ಅಂತ ಆಸೆ.
— ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ

ಅಭಿನಂದನೆ. ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನಿಗೆ ಕೊಡುವ ಆ ಕಾರ್ಬುರೇಟರ್ ಸದ್ಯ ಮರೆತುಬಿಡಿ. ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು.

ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವುದು ಮಾಸ್ಟರ್ ಸಿಲಿಂಡರ್, ನಿಮ್ಮ ಕಾರಿನದರಲ್ಲಿ ಒಂದೇ ಕೋಣೆ. ನಾಲ್ಕೂ ಚಕ್ರಕ್ಕೆ ಎಣ್ಣೆ ಹೋಗುವುದು ಅದೊಂದರಿಂದಲೇ. ಎಲ್ಲೋ ಒಂದು ಹಳೇ ರಬ್ಬರ್ ಹೋಸ್ ಒಡೆದರೆ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ. ನನಗೆ ಹೀಗಾಗಿದೆ. ಸಿಗ್ನಲ್ಲಿಗೆ ಇನ್ನೂರು ಅಡಿ ಇದ್ದಾಗ ಪೆಡಲ್ ನೆಲ ಮುಟ್ಟಿತು, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ, ಒಬ್ಬರ ಹುಲ್ಲುಹಾಸಿನ ಮೇಲೆ ಹತ್ತಿಸಿ ನಿಲ್ಲಿಸಿದೆ. ಮನೆಯಾಕೆ ಹೊರಗೆ ಬಂದು ಬೈಯುವ ಬದಲು "ನಮ್ಮಪ್ಪನ ಹತ್ತಿರವೂ ಇದೇ ಕಾರಿತ್ತು" ಅಂತ ಕಣ್ಣಲ್ಲಿ ನೀರು ಹಾಕಿಕೊಂಡರು, ಅದು ಬೇರೆ ಮಾತು. 1967ರ ಮಾದರಿಯಿಂದ ಮುಂದಿನ ಚಕ್ರಗಳಿಗೊಂದು, ಹಿಂದಿನ ಚಕ್ರಗಳಿಗೊಂದು ಅಂತ ಎರಡು ಕೋಣೆಯ ಸಿಲಿಂಡರ್ ಬಂತು. ಅಂಥದ್ದನ್ನು ನಿಮ್ಮ ಕಾರಿಗೂ ಹಾಕಬಹುದು. ಜೊತೆಗೆ ಎಲ್ಲಾ ರಬ್ಬರ್ ಹೋಸು, ಚಕ್ರದ ಒಳಗಿನ ಸಿಲಿಂಡರುಗಳು, ತುಕ್ಕು ಹಿಡಿದ ಪೈಪು ಬದಲಾಯಿಸಿ. ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸುವುದು ಇನ್ನೂ ಒಳ್ಳೆಯದು, ಹಳೆತನ ಹಾಳಾಗುತ್ತೆ ಅನ್ನುವವರ ಮಾತು ಕೇಳಬೇಡಿ. ಡ್ರಮ್ ಬಿಚ್ಚುವಾಗ ಒಂದು ಎಚ್ಚರ: ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಗಾಳಿ ಹೊಡೆದು ಧೂಳು ಹಾರಿಸಬೇಡಿ, ನೀರು ಚಿಮುಕಿಸಿ ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ಮತ್ತೆ, ಬರೀ ಜಾಕ್ ನಂಬಿ ಕಾರಿನ ಕೆಳಗೆ ಯಾವತ್ತೂ ನುಗ್ಗಬೇಡಿ, ಎರಡು ಸ್ಟ್ಯಾಂಡ್ ಕೊಡಿ, ಕೊಟ್ಟ ಮೇಲೂ ಕಾರನ್ನೊಮ್ಮೆ ಜೋರಾಗಿ ಅಲುಗಾಡಿಸಿ ನೋಡಿ.

ಎರಡನೆಯದು ಪೆಟ್ರೋಲ್. ಎಂಟು ವರ್ಷ ನಿಂತ ಟ್ಯಾಂಕಿನೊಳಗೆ ಇರುವುದು ಪೆಟ್ರೋಲಲ್ಲ, ವಾರ್ನಿಷ್. ಪೂರ್ತಿ ಖಾಲಿ ಮಾಡಿ, ಒಳಗೆ ತುಕ್ಕಿದ್ದರೆ ಟ್ಯಾಂಕೇ ಬದಲಿಸಿ, ಹೊಸದು ದುಬಾರಿಯೇನಲ್ಲ. ಈ ಕಾರಿನ ಒಂದು ವಿಚಿತ್ರ ನಿಮಗೆ ಗೊತ್ತಿರಲಿ, ಡಿಕ್ಕಿಯ ನೆಲ ಅಂದುಕೊಂಡು ನೀವು ಸೂಟ್‌ಕೇಸ್ ಇಡುವುದು ಟ್ಯಾಂಕಿನ ನೆತ್ತಿಯ ಮೇಲೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಪೆಟ್ರೋಲಿಗೂ ಸೀಟಿಗೂ ನಡುವೆ ಏನೂ ಅಡ್ಡ ಇಲ್ಲ, ಹಾಗಾಗಿ ನಾನು ಹಿಂದಿನ ಸೀಟಿನ ಬೆನ್ನಿಗೆ ಒಂದು ಸ್ಟೀಲ್ ತಗಡು ಹಾಕಿಸಿದ್ದೇನೆ. ಆಮೇಲೆ ಪೆಟ್ರೋಲ್ ಹೋಸುಗಳು. ಅಮೆರಿಕದ ಈಗಿನ ಪೆಟ್ರೋಲಿನಲ್ಲಿ ಹತ್ತು ಪರ್ಸೆಂಟ್ ಎಥನಾಲ್ ಇರುತ್ತದೆ, ಹಳೇ ರಬ್ಬರನ್ನು ಅದು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಇಂಜಿನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಸೀಸವಿಲ್ಲದ ಪೆಟ್ರೋಲಿಂದ ವಾಲ್ವ್ ಸೀಟು (ಇಂಜಿನಿನೊಳಗೆ ವಾಲ್ವ್ ಬಂದು ಕೂರುವ ಅಂಚು) ಸವೆಯುತ್ತೆ ಅಂತ ಹೆದರಿಸುವವರೂ ಸಿಗುತ್ತಾರೆ. ನಿಜ, ಆದರೆ ಭಾನುವಾರಕ್ಕೊಮ್ಮೆ ಓಡಿಸುವ ಕಾರಿಗೆ ಅದು ತುರ್ತಲ್ಲ. ಮುಂದೆ ಎಂದಾದರೂ ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಹಾಕಿಸಿದರಾಯಿತು.

ಹೊಗೆ ಯಾವ ಬಣ್ಣ ಅಂತ ಬರೆದಿಲ್ಲ. ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಕಾರ್ಬುರೇಟರ್ ಕ್ಲೀನ್ ಮಾಡಿ ಟ್ಯೂನ್ ಮಾಡಿದರೆ ಸಾಕು. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಸ್ಟಾರ್ಟ್ ಮಾಡಿದಾಗ ಒಂದು ಗಳಿಗೆ ನೀಲಿ ಬಂದು ನಿಂತರೆ ವಾಲ್ವಿನ ರಬ್ಬರ್ ಸೀಲ್ ಒಣಗಿರಬಹುದು, ಅದು ಸಣ್ಣ ಕೆಲಸ. ಸದಾ ಬಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿ, ಎಂಟೂ ಸಿಲಿಂಡರಿನ ಲೆಕ್ಕ ಬರೆದಿಡಿ. ಅತಿ ಕಮ್ಮಿ ಇರುವುದು ಅತಿ ಜಾಸ್ತಿ ಇರುವುದರ ಮುಕ್ಕಾಲು ಭಾಗಕ್ಕಿಂತ ಕೆಳಗಿಲ್ಲದಿದ್ದರೆ ಸದ್ಯ ಓಡಿಸಬಹುದು.

ಸ್ಪಾರ್ಕ್ ಪ್ಲಗ್ ವೈರುಗಳನ್ನು ತೆಗೆಯುವಾಗ ಒಂದೊಂದೇ ತೆಗೆದು ಒಂದೊಂದೇ ಹಾಕಿ. ನಾನು ಎಂಟನ್ನೂ ಒಟ್ಟಿಗೆ ಕಿತ್ತೆ. ವಾಪಸ್ ಹಾಕುವಾಗ ಪಕ್ಕದ ಮನೆಯವರು ಸಹಾಯಕ್ಕೆ ಬಂದರು, ಅವರು ಜೀವನಪೂರ್ತಿ ಷೆವರ್ಲೆ ಸಾಕಿದವರು. ಒಂದನೇ ಸಿಲಿಂಡರ್ ಡ್ರೈವರ್ ಕಡೆ ಮುಂದಿನದು ಅಂತ ಧೈರ್ಯವಾಗಿ ಹೇಳಿದರು. ಷೆವರ್ಲೆಯಲ್ಲಿ ಹೌದು. ಫೋರ್ಡಿನಲ್ಲಿ ಅದು ಪಕ್ಕದ ಸೀಟಿನ ಕಡೆ! ಕೀ ತಿರುಗಿಸಿದೆ, ಢಮ್ ಅಂತ ಕಾರ್ಬುರೇಟರಿನ ಬಾಯಿಂದ ಬೆಂಕಿ ಉಗುಳಿತು, ಬಗ್ಗಿ ನೋಡುತ್ತಿದ್ದ ಅವರ ಹುಬ್ಬಿನ ತುದಿ ಹೋಯಿತು. 289 ಇಂಜಿನಿನಲ್ಲಿ ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ 1-5-4-2-6-3-7-8. ನನ್ನ ಮದುವೆ ದಿನ ಮರೆತರೂ ಇದು ಮರೆಯುವುದಿಲ್ಲ. ಈ ಸಾಲನ್ನು ಹೆಂಡತಿಗೆ ತೋರಿಸಿಲ್ಲ. ಆ ವರ್ಷದ ಫೋರ್ಡ್ ಕಂಪನಿಯ ಶಾಪ್ ಮ್ಯಾನ್ಯುಯಲ್ ಈಗಲೂ ಮರುಮುದ್ರಣವಾಗಿ ಸಿಗುತ್ತದೆ, ಉಪಕರಣ ಕೊಳ್ಳುವ ಮೊದಲು ಅದನ್ನು ಕೊಳ್ಳಿ.

ಸ್ನೇಹಿತನ 1968ರ ಡಾಡ್ಜ್. ಎಡಗಡೆ ಚಕ್ರದ ನಟ್ಟು ಏನು ಮಾಡಿದರೂ ಬಿಚ್ಚಲಿಲ್ಲ, ಪೈಪ್ ಹಾಕಿ ಒತ್ತಿದಾಗ ಬೋಲ್ಟೇ ಮುರಿಯಿತು.
— ಆಸ್ಟಿನ್, ಟೆಕ್ಸಸ್

ನೀವು ಬಿಚ್ಚುತ್ತಿರಲಿಲ್ಲ, ಬಿಗಿಯುತ್ತಿದ್ದಿರಿ. ಡಾಡ್ಜ್ ಮಾಡುತ್ತಿದ್ದ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ 1970ರ ತನಕ ಎಡಗಡೆ ಚಕ್ರಗಳ ಬೋಲ್ಟಿಗೆ ಉಲ್ಟಾ ಮರೆ (ಥ್ರೆಡ್), ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬೋಲ್ಟಿನ ತುದಿಯಲ್ಲಿ ಎಲ್ ಅಂತ ಅಕ್ಷರ ಇರುತ್ತೆ ನೋಡಿ. ಹೊಸ ಬೋಲ್ಟು ಎರಡು ಮೂರು ಡಾಲರ್ ಅಷ್ಟೇ, ನಾಚಿಕೆ ಬೇಡ, ಎಲ್ಲರೂ ಮುರಿದಿದ್ದಾರೆ.

ನಮ್ಮ ತಂದೆಯವರ ಕಾಂಟೆಸ್ಸಾ ಕ್ಲಾಸಿಕ್, 1.8 ಪೆಟ್ರೋಲ್, ಹಿತ್ತಲಲ್ಲಿ ನಿಂತಿದೆ. ಗುಜರಿಯವನು ದಿನಾ ಬಂದು ಕೇಳುತ್ತಾನೆ. ಕೊಡಲು ಮನಸ್ಸಿಲ್ಲ. ಇದನ್ನೂ ಹೀಗೇ ಮಾಡಬಹುದಾ?
— ದಾವಣಗೆರೆ

ಕೊಡಬೇಡಿ, ಕೊಡಬೇಡಿ! ಇಲ್ಲಿಯ ಕಾರುಗಳ ನಡುವೆ ನಿಂತಾಗಲೂ ನನಗೆ ನೆನಪಾಗುವುದು ಕಾಂಟೆಸ್ಸಾದ ಆ ಉದ್ದ ಬಾನೆಟ್ಟು. ಹಿಂದೂಸ್ತಾನ್ ಮೋಟರ್ಸ್‌ನವರು ಇಂಗ್ಲೆಂಡಿನ ವಾಕ್ಸಾಲ್ ಕಾರಿನ ಅಚ್ಚು ತಂದು 1984ರಿಂದ 2002ರ ತನಕ ಮಾಡಿದರು. ಮೊದಮೊದಲು ಆ ದೊಡ್ಡ ಮೈಗೆ ಅಂಬಾಸಿಡರಿನದೇ 1.5 ಲೀಟರ್ ಇಂಜಿನ್ ಹಾಕಿದ್ದರು, ಪೈಲ್ವಾನನಿಗೆ ಸಣ್ಣ ಹುಡುಗನ ಹೃದಯ ಇಟ್ಟ ಹಾಗೆ. ನಿಮ್ಮದು ಜಪಾನಿನ ಇಸುಜು ಕಂಪನಿಯ ಇಂಜಿನ್, ಐದು ಗೇರ್. ಒಳ್ಳೆಯ ಜೋಡಿ.

ಕ್ರಮ ಅದೇ: ಬ್ರೇಕು, ಪೆಟ್ರೋಲ್ ಲೈನು, ವೈರಿಂಗು, ಆಮೇಲೆ ಉಳಿದದ್ದು. ಭಾರತದಲ್ಲಿ ಈಗ ಪೆಟ್ರೋಲಿಗೆ ಇಪ್ಪತ್ತು ಪರ್ಸೆಂಟ್ ಎಥನಾಲ್ ಬರುತ್ತಿದೆ, ಹಾಗಾಗಿ ಹೋಸು, ಪಂಪಿನ ಡಯಾಫ್ರಮ್ಮು, ಕಾರ್ಬುರೇಟರ್ ಕಿಟ್ಟು ಮೂರನ್ನೂ ಮೊದಲ ವಾರವೇ ನೋಡಿಸಿ. ಮಸ್ಟ್ಯಾಂಗಿಗೂ ನಿಮ್ಮ ಕಾರಿಗೂ ಇರುವ ದೊಡ್ಡ ವ್ಯತ್ಯಾಸ ಪಾರ್ಟಿನದು. ಇಂಜಿನಿನ ಭಾಗ ಹೇಗಾದರೂ ಹೊಂದಿಸಬಹುದು, ಆದರೆ ಗಾಜು, ಲೈಟು, ಬೀಡಿಂಗ್, ಕ್ರೋಮ್ ಪಟ್ಟಿ ಒಡೆದರೆ ಊರೂರು ಅಲೆಯಬೇಕು. ಟಿಂಕರಿಂಗ್‌ನವರ ಕೈಗೆ ಕಾರು ಕೊಡುವ ಮೊದಲು ಇವನ್ನೆಲ್ಲಾ ನೀವೇ ಬಿಚ್ಚಿ ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡಿ, ಚೀಟಿ ಅಂಟಿಸುವುದನ್ನು ಮರೆಯಬೇಡಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ, ಅಲ್ಲಿಲ್ಲದ್ದಕ್ಕೆ ಶಿವಾಜಿನಗರದ ಗುಜರಿ ಇದೆ. ಹಳೇ ಪಾರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬಾಯಲ್ಲಿ ವಿವರಿಸಿದರೆ ಅಂಬಾಸಿಡರಿಂದು ಕೊಟ್ಟು ಕಳಿಸುತ್ತಾರೆ.

ಆರ್‌ಸಿ ನೋಡಿಕೊಳ್ಳಿ. 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ತಂದೆಯವರ ಹೆಸರಿನಲ್ಲೇ ಇದ್ದರೆ ಅವರ ಕೈಯಲ್ಲೇ ಸಹಿ ಹಾಕಿಸಿ ಈಗಲೇ ಮಾಡಿಸಿ. ಓಡಲು ಶುರುವಾದ ದಿನ ಮೊದಲ ರೌಂಡ್ ಅವರನ್ನೇ ಕೂರಿಸಿ.

ವಾಪಸ್ ಬೆಂಗಳೂರಿಗೆ ಬರುವಾಗ ನನ್ನ 1967ರ ಫೈರ್‌ಬರ್ಡ್ ತರಬಹುದಾ?
— ಎಡಿಸನ್, ನ್ಯೂಜೆರ್ಸಿ

ತರುವ ಮುಂಚೆ ಕಸ್ಟಮ್ಸ್ ಸುಂಕವನ್ನು ಒಬ್ಬ ಏಜೆಂಟ್ ಹತ್ತಿರ ಬರಹದಲ್ಲಿ ತಗೊಳ್ಳಿ, ಕಾರಿನ ಬೆಲೆಗಿಂತ ಅದೇ ಜಾಸ್ತಿಯಾದರೂ ಆಶ್ಚರ್ಯ ಇಲ್ಲ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಅಕ್ಷರ ಬರುತ್ತದೆ, ನೋಂದಣಿ ಶುಲ್ಕ 20 ಸಾವಿರ ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯ. ಆದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಬಿಟ್ಟು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ, ಎಡಗಡೆ ಸ್ಟೀರಿಂಗ್ ಹಿಡಿದು, ಏಸಿ ಇಲ್ಲದೆ, ಬಿಸಿಯೇರುವ ವಿ8 ಜೊತೆ ಒಂದು ಗಂಟೆ ಕೂರುವ ಆಸೆ ನಿಮಗೆ ಹೇಗೂ ಇರಲಾರದು ಅಂದುಕೊಂಡಿದ್ದೇನೆ.

ನಿಮ್ಮ ಕಾರು ಯಾವ ಬಣ್ಣ ಅಂಕಲ್?
— ಎಂಟನೇ ಕ್ಲಾಸು, ಮಂಡ್ಯ

ನೀಲಿ, ಮರಿ. ಅಂದರೆ ಬಾನೆಟ್ಟು, ಡಿಕ್ಕಿ, ಬಲಗಡೆ ಎಲ್ಲಾ ನೀಲಿ. ಎಡಗಡೆ ಬಾಗಿಲು ಬೇರೆ ಕಾರಿನಿಂದ ತಂದದ್ದು, ಅದು ಬಿಳಿ. ಅದರ ಮುಂದಿನ ಫೆಂಡರ್ ಇನ್ನೂ ಪ್ರೈಮರಿನಲ್ಲೇ ಇದೆ, ಬೂದಿ ಬಣ್ಣ. ನನ್ನ ಮಗಳು ಅದಕ್ಕೆ ಹಸು ಅಂತ ಹೆಸರಿಟ್ಟಿದ್ದಾಳೆ.